ನೀರಿನ ಗಡಿಗೆ ಬೇರೆ, ಮೊಸರಿನ ಗಡಿಗೆ ಬೇರೆ

ಬೋಧನಾಭ್ಯಾಸದ ಅವಧಿಯಲ್ಲಿ ಮುಧೋಳ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಆವಿಯಾಗುವಿಕೆಯ ಪಾಠ ಮಾಡಿದೆ. ಗಡಿಗೆಯ ಚಾರ್ಟ್ ತೂಗುಹಾಕಿ, ಸೂಕ್ಷ್ಮ ರಂಧ್ರಗಳಿಂದ ನೀರು ಹೊರಬಂದು ಆವಿಯಾಗುವುದರಿಂದ ಒಳಗಿನ ನೀರು ತಂಪಾಗುತ್ತದೆ ಎಂದು ವಿವರಿಸಿದೆ. ಕುಂಬಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು: “ಅಕ್ಕೋರ, ನೀರಿನ ಗಡಿಗಿ ಬ್ಯಾರೆ, ಮೊಸರಿನ ಗಡಿಗಿ ಬ್ಯಾರೆರೀ. ಮೊಸರಿಂದು ಅಷ್ಟು ಸೋರಂಗಿಲ್ಲ, ಯಾಕ್ರಿ?” ನನ್ನ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. “ಆಮೇಲೆ ನೋಡೋಣ, ಕೂಡು” ಎಂದೆ. ಆ ಅವಧಿಯಲ್ಲಿ ಅವಳು ಮತ್ತೆ ಕೈ ಎತ್ತಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ತಿಗರಿಯ ಮುಂದೆ ಕುಳಿತಿದ್ದ ಅವಳ ಅಜ್ಜ ಎರಡೂ ಗಡಿಗೆಗಳನ್ನು ನನ್ನ ಕೈಗೆ ಕೊಟ್ಟರು. ಒಂದರ ಮೈ ಒರಟು, ಇನ್ನೊಂದರದು ನುಣುಪು. ಮಣ್ಣು ಒಣಗುವಾಗ ಬಿರಿಯದಂತೆ ಮರಳು ಬೆರೆಸುತ್ತಾರೆ. ಅರೆ ಒಣಗಿದ ಗಡಿಗೆಯನ್ನು ನುಣ್ಣನೆಯ ಕಲ್ಲಿನಿಂದ ಉಜ್ಜಿದರೆ ಮೇಲಿನ ಕಣಗಳು ಒತ್ತಾಗಿ ಕೂತು ಸೋರುವುದು ಕಡಿಮೆಯಾಗುತ್ತದೆ. ಅಡುಗೆಯ ಗಡಿಗೆಗೆ ತಳ ಗುಂಡಗಿದ್ದರೆ ಕಾವು ಸಮನಾಗಿ ಹರಡುತ್ತದೆ. ನಾನು ಬಿ.ಎಸ್ಸಿ.ಯಲ್ಲಿ ಓದಿದ ರಂಧ್ರಮಯತೆ, ಶಾಖಪ್ರಸರಣಗಳನ್ನು ಅವರು ಬಳಕೆಗೆ ತಕ್ಕಂತೆ ಹೆಚ್ಚುಕಡಿಮೆ ಮಾಡುತ್ತಿದ್ದರು.

ಮುಂದಿನ ಪಾಠದಲ್ಲಿ ಎರಡೂ ಗಡಿಗೆಗಳಿಗೆ ನೀರು ತುಂಬಿ, ಬೆಳಿಗ್ಗೆ ಮತ್ತು ಮಧ್ಯಾಹ್ನ ತೂಗಿ, ಉಷ್ಣತೆ ಅಳೆದೆವು. ಒಂದು ಲೀಟರ್ ನೀರಿನಲ್ಲಿ 20 ಗ್ರಾಂ ಆವಿಯಾದರೆ, ಹೊರಗಿನ ಶಾಖವನ್ನೂ ಗಡಿಗೆಯನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ, ಉಳಿದ ನೀರು ಸುಮಾರು 11–12 ಡಿಗ್ರಿ ಸೆಲ್ಸಿಯಸ್ ತಣಿಯಬಲ್ಲದು. ಈ ಲೆಕ್ಕವನ್ನು ಮಕ್ಕಳೇ ಮಾಡಿದರು. ನಿಜವಾದ ಇಳಿಕೆ ಅದಕ್ಕಿಂತ ಕಡಿಮೆ ಏಕೆ ಎಂಬ ಚರ್ಚೆಯನ್ನು ಆರಂಭಿಸಿದವಳು ಆ ಹುಡುಗಿಯೇ.

ರಾಷ್ಟ್ರೀಯ ಶಿಕ್ಷಣ ನೀತಿ 2020, 6ರಿಂದ 8ನೇ ತರಗತಿಯ ನಡುವೆ 10 ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ ಮೊದಲಾದವರ ಬಳಿ ಕಲಿಯಬೇಕೆಂದು ಹೇಳುತ್ತದೆ. ಅದು ಹಣತೆ ಮಾಡಿ ಫೋಟೊ ತೆಗೆಸಿಕೊಳ್ಳುವ ಭೇಟಿಯಾಗಬಾರದು. ಜಾತಿಯ ಕಸುಬಿಗೆ ಮಕ್ಕಳನ್ನು ಮತ್ತೆ ಕಟ್ಟಿಹಾಕಿದಂತಾಗುತ್ತದೆ ಎಂಬ ಆತಂಕ ಸರಿಯಾದದ್ದೇ. ಆದ್ದರಿಂದ ಮಣ್ಣನ್ನು ಎಲ್ಲ ಮಕ್ಕಳೂ ಮುಟ್ಟಲಿ. ಮನೆಯಲ್ಲಿ ಬಳಸುವ ಒಂದು ಪಾತ್ರೆಯನ್ನು ತಾವೇ ಯೋಚಿಸಿ ಮಾಡಲಿ. ಕುಂಬಾರರು ಗೌರವಧನ ಪಡೆಯುವ ಅತಿಥಿ ಶಿಕ್ಷಕರಾಗಿ ಬರಲಿ.

ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಶಾಲೆಗಳಿಗೆ ಹೋಗುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ: ಚಾರ್ಟ್ ಬರೆಯುವ ಮೊದಲು ಊರಿನ ಕುಂಬಾರರನ್ನೊಮ್ಮೆ ಕೇಳಿ. ನಾನು ಕೇಳಿದ್ದು ಪಾಠ ಮುಗಿದ ಮೇಲೆ.