ಬೀಗದೊಳಗಿನ ವಿದ್ಯೆ ಯಾರಿಗೆ?

ಸದ್ಭಕ್ತರೇ, ಮಠದ ಹಳೆಯ ವಿದ್ಯಾರ್ಥಿಗಳೇ,

ಅನ್ನದಾಸೋಹಕ್ಕೆ ಬಂದವನ ಕುಲಗೋತ್ರಗಳನ್ನು ನಾವು ಕೇಳುವುದಿಲ್ಲ. ಆದರೆ ಗ್ರಂಥವನ್ನರಸಿ ಬಂದ ಸಂಶೋಧಕನನ್ನು, 'ನೀನು ಯಾವ ವಿಶ್ವವಿದ್ಯಾಲಯದವನು? ಯಾರ ಪತ್ರ ತಂದಿರುವೆ?' ಎಂದು ಬಾಗಿಲಲ್ಲಿಯೇ ನಿಲ್ಲಿಸುತ್ತೇವೆ. ಇದಾವ ನ್ಯಾಯ?

ಡಾ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಗರಿಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು; ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅಂದು ಆ ಮನೆಗಳವರು ಕಟ್ಟು ಬಿಚ್ಚಿ ಕೊಡದಿದ್ದರೆ ನಮ್ಮ ಕೈಗೆ ಬರುತ್ತಿದ್ದುದೇನು? ಇಂದು ಅಚ್ಚಾದ ಪುಸ್ತಕಗಳೇ ತಾಳೆಗರಿಗಳಂತೆ ಅಲಭ್ಯವಾಗಿವೆ.

ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಮೂರು ವರ್ಷಗಳ ಅವಧಿಗೆ 6,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಸಂತೋಷ. ಆದರೆ ಅದು ವಿದ್ವತ್ಪತ್ರಿಕೆಗಳಿಗಾಗಿ, ಸರ್ಕಾರಿ ವಿದ್ಯಾಸಂಸ್ಥೆಗಳಿಗಾಗಿ. ವಿಜ್ಞಾನಿಯ ಕೆಲಸ ಬಹುಮಟ್ಟಿಗೆ ಲೇಖನಗಳಿಂದ ನಡೆದೀತು. ಇತಿಹಾಸ, ಸಮಾಜಶಾಸ್ತ್ರ, ಸಾಹಿತ್ಯಗಳ ಅಭ್ಯಾಸಿಗೆ ಗ್ರಂಥವೇ ಜೀವಾಳ. ಸಂಜೆ ಬಿಡುವಿನಲ್ಲಿ ಶಾಸನ ಓದುವ ನಿವೃತ್ತ ಉಪಾಧ್ಯಾಯನಿಗೆ ಆ ಕೋಟಿಗಳಿಂದ ಒಂದು ಹಾಳೆಯೂ ದೊರೆಯದು.

'ಹಕ್ಕುಸ್ವಾಮ್ಯ ಅಡ್ಡಬರುತ್ತದೆ' ಎನ್ನುವವರಿದ್ದಾರೆ. 1957ರ ಕಾಯಿದೆಯಂತೆ ಗ್ರಂಥಕರ್ತನ ಮರಣಾನಂತರ 60 ವರ್ಷಗಳಿಗೆ ಹಕ್ಕು ಮುಗಿಯುತ್ತದೆ. 1964ರಲ್ಲಿ ಲಿಂಗೈಕ್ಯರಾದ ಹಳಕಟ್ಟಿಯವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು 2025ರ ಜನವರಿಯಿಂದ ಎಲ್ಲರ ಸೊತ್ತು. 'ಮಾರಾಟ ಕುಗ್ಗುತ್ತದೆ' ಎನ್ನುವವರೂ ಇದ್ದಾರೆ. ಪ್ರತಿಗಳೇ ಮುಗಿದುಹೋದ ಪುಸ್ತಕಕ್ಕೆ ಮಾರಾಟವೆಲ್ಲಿಯದು? 'ಪುಸ್ತಕ ಹಾಳಾಗುತ್ತದೆ' ಎಂಬುದು ಮೂರನೆಯ ನೆಪ. ಬೀಗ ಹಾಕಿದ ಬೀರುವಿನೊಳಗೆ ಗೆದ್ದಲು ಅಪ್ಪಣೆ ಕೇಳಿ ಬರುವುದೇ?

1915ರಲ್ಲಿ ಹುಟ್ಟಿ, ಚಾಮರಾಜಪೇಟೆಯಲ್ಲಿ ನೆಲೆನಿಂತ ಸಾಹಿತ್ಯ ಪರಿಷತ್ತನ್ನು ನೆನೆಯಿರಿ, ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿ, ಬಸವನಗುಡಿಯಲ್ಲಿ ಬೆಳೆದ ಗೋಖಲೆ ಸಂಸ್ಥೆಯನ್ನು ನೆನೆಯಿರಿ. ವಿದ್ಯೆ ಸಾರ್ವಜನಿಕರದೆಂದು ನಂಬಿದ ಹಿರಿಯರು ಕಟ್ಟಿದ ಸಂಸ್ಥೆಗಳಿವು. ಆ ನಂಬಿಕೆಯಲ್ಲಿ ನಾವು ಹಿಂದೆ ಬೀಳಬಹುದೇ?

ಕೇಳುವುದು ಮೂರೇ ಮಾತು. ಪ್ರತಿಯೊಂದು ಮಠವೂ ತನ್ನ ಗ್ರಂಥಭಂಡಾರದ ಪಟ್ಟಿಯನ್ನು ಪ್ರಕಟಿಸಲಿ. ವಾರಕ್ಕೆ ಎರಡು ದಿನವಾದರೂ, ಪತ್ರ ಕೇಳದೆ, ಓದಬಂದವರಿಗೆ ಬಾಗಿಲು ತೆರೆಯಲಿ. ಮಠವೇ ಪ್ರಕಟಿಸಿ ಮುಗಿದುಹೋದ ಪುಸ್ತಕಗಳನ್ನು, ಲೇಖಕರ ಇಲ್ಲವೆ ವಾರಸುದಾರರ ಸಮ್ಮತಿ ಪಡೆದು, ಗಣಕಯಂತ್ರದಲ್ಲಿ ಪ್ರತಿಮಾಡಿ ಎಲ್ಲರಿಗೂ ಉಚಿತವಾಗಿ ಒದಗಿಸಲಿ. ಮುಂದಿನ ಜಾತ್ರೆಗೆ ಕಾಣಿಕೆ ಸಲ್ಲಿಸುವಾಗ, ಅದರಲ್ಲೊಂದು ಪಾಲು ಈ ಕಾರ್ಯಕ್ಕೆಂದು ಬರೆಸಿರಿ. ಮಠದಲ್ಲಿ ಉಂಡು ಓದಿ ದೊಡ್ಡವರಾದವರು ತೀರಿಸಬೇಕಾದ ಋಣವಿದು.