ಪ್ರಸಾದದ ಅಳತೆ, ಇನ್ಸುಲಿನ್ನಿನ ಅಳತೆ

ಶರಣರು ಅನ್ನವನ್ನು ಪ್ರಸಾದವೆಂದು ಕರೆದರು. ಕಾಯಕದಿಂದ ಬಂದದ್ದನ್ನು ಲಿಂಗಕ್ಕೆ ಅರ್ಪಿಸಿ, ಬೇಕಾದಷ್ಟನ್ನೇ ನೀಡಿಸಿಕೊಂಡು, ನೀಡಿಸಿಕೊಂಡದ್ದನ್ನು ಎಡೆಯಲ್ಲಿ ಬಿಡದೆ ಸ್ವೀಕರಿಸುವುದು ಪ್ರಸಾದದ ನಿಯಮ. ಮಧುಮೇಹಕ್ಕಾಗಿ ಊಟದ ಹೊತ್ತಿನ ಇನ್ಸುಲಿನ್ ಆರಂಭಿಸಿದವರಿಗೆ ಇಂದಿನ ವೈದ್ಯವಿಜ್ಞಾನ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಆದರೂ ನಮ್ಮ ಮನೆಗಳಲ್ಲಿ ‘ಅನ್ನವನ್ನು ಅಳೆದು ಉಣ್ಣುವುದು ಸಲ್ಲದು, ಪ್ರಸಾದಕ್ಕೆ ಲೆಕ್ಕವಿಡಬಾರದು’ ಎಂಬ ಸಂಕೋಚ ಬಲವಾಗಿದೆ. ಈ ಸಂಕೋಚವನ್ನು ನಾವು ಬಿಡಬೇಕು. ಅಳತೆ ಪ್ರಸಾದಕ್ಕೆ ಅಪಚಾರವಲ್ಲ. ಅಳತೆಯಿಲ್ಲದ ಊಟವೇ ರೋಗಿಯ ದೇಹಕ್ಕೆ ಅಪಾಯ.

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ಸುತ್ತಲ ಬದುಕನ್ನು ನೋಡಿದರೆ ಈ ಮಾತಿನ ಅಗತ್ಯ ತಿಳಿಯುತ್ತದೆ. ಭದ್ರಾ ನಾಲೆಯ ನೀರು ಹರಿದ ಮೇಲೆ ಇಲ್ಲಿನ ಹೊಲಗಳಲ್ಲಿ ಭತ್ತ, ಕಬ್ಬು ಹಬ್ಬಿದವು. ಸಕ್ಕರೆ ಕಾರ್ಖಾನೆಯೂ ಊರಿನಲ್ಲಿದೆ. ಜೋಳದ ರೊಟ್ಟಿಯ ಜಾಗಕ್ಕೆ ಅನ್ನ ಬಂದಿತು. ದೈಹಿಕ ದುಡಿಮೆ ತಗ್ಗಿದರೂ ಗಂಗಾಳದ ಅನ್ನ ತಗ್ಗಲಿಲ್ಲ. ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಅಧ್ಯಯನವು 2023ರಲ್ಲಿ ತಿಳಿಸಿತು. ಅವರಲ್ಲಿ ಮಾತ್ರೆಗಳಿಂದ ಸಕ್ಕರೆ ಹತೋಟಿಗೆ ಬಾರದ ಅನೇಕರು ಇನ್ಸುಲಿನ್ನಿಗೆ ಬರುತ್ತಾರೆ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಇನ್ಸುಲಿನ್ನನ್ನು ಮೊದಲ ಬಾರಿಗೆ ಒಬ್ಬ ಬಾಲಕನಿಗೆ ಚುಚ್ಚಲಾಯಿತು. ಅಂದಿನಿಂದ ಅದು ಅಸಂಖ್ಯಾತ ಜೀವಗಳನ್ನು ಉಳಿಸಿದೆ. ಆದರೆ ಅದರ ಗುಣವನ್ನು ಅರಿತೇ ಬಳಸಬೇಕು. ದಿನವಿಡೀ ನಿಧಾನವಾಗಿ ಕೆಲಸಮಾಡುವ ಇನ್ಸುಲಿನ್ ಒಂದು ಬಗೆ. ಊಟದಿಂದ ಏರುವ ಸಕ್ಕರೆಯನ್ನು ಇಳಿಸಲು ಊಟಕ್ಕೆ ಮುನ್ನ ತೆಗೆದುಕೊಳ್ಳುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ಊಟದಲ್ಲಿರುವ ಶರ್ಕರಪಿಷ್ಟವೇ, ಎಂದರೆ ವೈದ್ಯರು ಕಾರ್ಬೊಹೈಡ್ರೇಟ್ ಎನ್ನುವ ಅಂಶವೇ, ಮುಖ್ಯ ಲೆಕ್ಕ. ಚುಚ್ಚಿದ ಔಷಧಿಯನ್ನು ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ಎಷ್ಟು ಉಣ್ಣುತ್ತೇವೆಂಬುದು ಚುಚ್ಚುವ ಮುನ್ನವೇ ತಿಳಿದಿರಬೇಕು.

ಲೆಕ್ಕ ಕಠಿಣವಲ್ಲ. 50 ಗ್ರಾಂ ಜೋಳದ ಹಿಟ್ಟಿನಿಂದ ತಟ್ಟಿದ ಒಂದು ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಶರ್ಕರಪಿಷ್ಟವಿದೆ. 50 ಗ್ರಾಂ ಅಕ್ಕಿಯ ಅನ್ನದಲ್ಲಿ ಸುಮಾರು 39 ಗ್ರಾಂ, 75 ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿ ಸುಮಾರು 50 ಗ್ರಾಂ, 50 ಗ್ರಾಂ ಮಂಡಕ್ಕಿಯಲ್ಲಿ ಸುಮಾರು 40 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 10 ಗ್ರಾಂ. ಸೊಪ್ಪು, ಬದನೆ, ಹೀರೆ, ಸೌತೆಗಳಲ್ಲಿ ಅತ್ಯಲ್ಪ. ಒಬ್ಬರಿಗೆ 10 ಗ್ರಾಂಗೆ ಒಂದು ಯೂನಿಟ್ ಎಂದು ವೈದ್ಯರು ಗೊತ್ತುಪಡಿಸಿದ್ದಾರೆಂದು ಭಾವಿಸೋಣ. ಒಂದು ದಿನ ಅವರು ಎರಡು ರೊಟ್ಟಿ, ಪಲ್ಯ ಉಂಡರೆ ಸುಮಾರು 70 ಗ್ರಾಂ, 7 ಯೂನಿಟ್. ಮರುದಿನ 125 ಗ್ರಾಂ ಅಕ್ಕಿಯ ಅನ್ನ, ಸಾರು ಉಂಡರೆ ಸುಮಾರು 100 ಗ್ರಾಂ, 10 ಯೂನಿಟ್. ಎರಡೂ ದಿನ ಹೊಟ್ಟೆ ತುಂಬಿತು, ಎರಡೂ ದಿನ ಸಿಹಿ ಮುಟ್ಟಲಿಲ್ಲ. ಆದರೂ ವ್ಯತ್ಯಾಸ 3 ಯೂನಿಟ್. ‘ನಾನು ಸಕ್ಕರೆ ತಿನ್ನುವುದೇ ಇಲ್ಲ, ಆದರೂ ಏಕೆ ಏರುತ್ತದೆ?’ ಎಂಬ ಪ್ರಶ್ನೆಗೆ ಅನೇಕ ವೇಳೆ ಉತ್ತರ ಇಲ್ಲಿಯೇ ಇದೆ. ಯೂನಿಟ್ಟಿನ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು. ಅದನ್ನು ವೈದ್ಯರೇ ನಿರ್ಧರಿಸಬೇಕು, ನೆರೆಯವರ ಪ್ರಮಾಣವನ್ನು ಅನುಸರಿಸಬಾರದು.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ತಿದ್ದಬೇಕು. ಸಿರಿಧಾನ್ಯ ಉತ್ತಮ ಆಹಾರ. ಅದರ ನಾರು ಸಕ್ಕರೆಯ ಏರಿಕೆಯನ್ನು ನಿಧಾನಗೊಳಿಸಬಲ್ಲದು. ಆದರೆ 100 ಗ್ರಾಂ ನವಣೆಯಲ್ಲಿಯೂ 60 ಗ್ರಾಂನಷ್ಟು ಶರ್ಕರಪಿಷ್ಟವುಂಟು. ಅದಕ್ಕೆ ಲೆಕ್ಕ ಬೇಡವೆಂಬುದು ತಪ್ಪು. ಬೆಲ್ಲ ನಿರಪಾಯವೆಂಬ ಮಾತೂ ಅಂತಹುದೇ. 10 ಗ್ರಾಂ ಬೆಲ್ಲದಲ್ಲಿ 8 ಗ್ರಾಂಗೂ ಹೆಚ್ಚು ಶರ್ಕರವಿದೆ. ಶಿವರಾತ್ರಿಯ, ಶ್ರಾವಣ ಸೋಮವಾರದ ಉಪವಾಸದಲ್ಲಿ ಅನ್ನ ಬಿಟ್ಟು ಸಾಬುದಾನಿ, ಅವಲಕ್ಕಿ, ಬಾಳೆಹಣ್ಣು ಸ್ವೀಕರಿಸುವವರು ಶರ್ಕರಪಿಷ್ಟವನ್ನೇನೂ ಬಿಟ್ಟಂತಾಗುವುದಿಲ್ಲ.

ನಮ್ಮ ಸಮಾಜಕ್ಕೆ ವಿಶೇಷವಾಗಿ ಹೇಳಬೇಕಾದ ಮಾತು ಪೂಜೆಯ ಹೊತ್ತಿನದು. ಇಷ್ಟಲಿಂಗ ಪೂಜೆಯಾಗದೆ ಏನನ್ನೂ ಸ್ವೀಕರಿಸದವರು ನಮ್ಮಲ್ಲಿ ಬಹಳ ಮಂದಿ. ಅವರಲ್ಲಿ ಕೆಲವರು ಎಂಟು ಗಂಟೆಯಾಯಿತೆಂದು ಚುಚ್ಚುಮದ್ದು ತೆಗೆದುಕೊಂಡು ಪೂಜೆಗೆ ಕೂರುತ್ತಾರೆ. ಇದು ಸರಿಯಲ್ಲ. ಊಟದ ಇನ್ಸುಲಿನ್ ಗಡಿಯಾರಕ್ಕೆ ಸೇರಿದ್ದಲ್ಲ, ಎಡೆಗೆ ಸೇರಿದ್ದು. ಪೂಜೆ ಮುಗಿದು ಆಹಾರ ಸಿದ್ಧವಾದ ಮೇಲೆ, ಶೀಘ್ರವಾಗಿ ಕೆಲಸಮಾಡುವ ಇನ್ಸುಲಿನ್ನಾದರೆ ಸಾಮಾನ್ಯವಾಗಿ 10–15 ನಿಮಿಷ, ಹಳೆಯ ರೆಗ್ಯುಲರ್ ಇನ್ಸುಲಿನ್ನಾದರೆ ಸುಮಾರು 30 ನಿಮಿಷ ಮುಂಚೆ ತೆಗೆದುಕೊಳ್ಳುವುದು ಕ್ರಮ. ಊಟ ಬಿಟ್ಟರೆ ಆ ಊಟದ ಇನ್ಸುಲಿನ್ ಇಲ್ಲ. ಆದರೆ ದಿನವಿಡೀ ಕೆಲಸಮಾಡುವ ಇನ್ಸುಲಿನ್ನನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವಿಕೆ ಕಂಡು ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪರೀಕ್ಷಿಸುವ ಯಂತ್ರ ಕೈಯಲ್ಲಿಲ್ಲದಿದ್ದರೂ ತಡಮಾಡಬಾರದು. ಪೂಜೆ ಮುಗಿಯಲೆಂದು, ವ್ರತ ಕೆಡದಿರಲೆಂದು ಕಾಯಬಾರದು. ಕಾಯವನ್ನು ಉಳಿಸಿಕೊಳ್ಳುವುದು ವ್ರತಭಂಗವಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಈ ಹೊಣೆ ರೋಗಿಯೊಬ್ಬರದೇ ಅಲ್ಲ. ಮದುವೆಯ ಪಂಕ್ತಿಯಲ್ಲಿ ‘ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿರಿ’ ಎಂದು ಒತ್ತಾಯಿಸುವುದು ನಮ್ಮ ಪ್ರೀತಿಯ ರೂಢಿ. ಆದರೆ ಎಡೆಗೆ ಬಿದ್ದದ್ದನ್ನು ಬಿಡಬಾರದೆಂಬ ನಿಷ್ಠೆಯುಳ್ಳ ಮಧುಮೇಹಿಗೆ ಆ ಪ್ರೀತಿ ಇಕ್ಕಟ್ಟಾಗುತ್ತದೆ: ಉಂಡರೆ ಸಕ್ಕರೆ ಏರುತ್ತದೆ, ಬಿಟ್ಟರೆ ಮನಸ್ಸು ನೋಯುತ್ತದೆ. ಆದ್ದರಿಂದ ಮಠಗಳ ದಾಸೋಹ ಮನೆಗಳಲ್ಲಿ ಒಂದು ಸೌಟು ಅನ್ನದ ತೂಕವೆಷ್ಟು, ಅದರಲ್ಲಿ ಶರ್ಕರಪಿಷ್ಟವೆಷ್ಟು ಎಂಬುದನ್ನು ಒಮ್ಮೆ ಅಳೆದು ಫಲಕದಲ್ಲಿ ಬರೆದಿಡುವುದು ಒಳಿತು. 100 ಗ್ರಾಂ ಬೆಂದ ಅನ್ನದಲ್ಲಿ ಅದು ಸುಮಾರು 28 ಗ್ರಾಂ. ನೀಡುವವರು ‘ಸಾಕು’ ಎಂಬ ಮಾತಿಗೆ ಒಮ್ಮೆಗೇ ಕೈ ತಡೆಯಲಿ. ಮನೆಯಲ್ಲಿ ಅಡುಗೆ ಮಾಡುವ ತಾಯಂದಿರು ತಮ್ಮ ಬಟ್ಟಲು, ರೊಟ್ಟಿಯ ಹಿಟ್ಟಿನ ಉಂಡೆಗಳನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿದರೆ ಸಾಕು. ಮುಂದೆ ಕಣ್ಣಳತೆಯೇ ದಾರಿ ತೋರುತ್ತದೆ.

ಎಲ್ಲರಿಗೂ ಈ ಗಣಿತ ಒಗ್ಗುವುದಿಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ. ಓದುಬರಹ ಬಾರದ ಹಿರಿಯರಿಗೆ, ಬೆಳಿಗ್ಗೆ ಸಂಜೆ ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೇರೆ ದಾರಿಯಿದೆ: ಔಷಧಿಯ ಪ್ರಮಾಣ ಸ್ಥಿರವಾಗಿದ್ದರೆ ಊಟದ ಪ್ರಮಾಣವೂ ಹೊತ್ತೂ ಸ್ಥಿರವಾಗಿರಲಿ. ಊಟ ಬದಲಾಗುವವರು ಲೆಕ್ಕ ಕಲಿಯಲಿ. ಎರಡರಲ್ಲಿ ಯಾವುದು ತಮಗೆ ತಕ್ಕುದೆಂದು ವೈದ್ಯರನ್ನೂ ಆಹಾರತಜ್ಞರನ್ನೂ ಕೇಳಲಿ. ಒಂದು ವಾರದ ಊಟವನ್ನು, ಊಟಕ್ಕೆ ಮುಂಚಿನ ಮತ್ತು ಎರಡು ಗಂಟೆಯ ನಂತರದ ಸಕ್ಕರೆಯನ್ನು ಬರೆದುಕೊಂಡು ಹೋಗಲಿ. ಬೇಕಾದಷ್ಟನ್ನೇ ನೀಡಿಸಿಕೊಳ್ಳುವ ಪ್ರಸಾದಿಗೆ ಈ ಲೆಕ್ಕ ಹೊಸ ಹೊರೆಯಲ್ಲ. ಪಾಲಿಸಿಕೊಂಡು ಬಂದ ನಿಯಮಕ್ಕೇ ಗ್ರಾಮಿನ ಒಂದು ಅಂಕೆ ಸೇರಿದಂತೆ, ಅಷ್ಟೇ.