ಹುಡುಗರು ಕೆಡುವುದು ಯಾವ ಬಾರಿನಲ್ಲಿ?

ತಲೆಬರಹ ಕಂಡು ಹುಬ್ಬೇರಿಸಬೇಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಾಲೆಗಳಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕನ್ನಡ ಕಲಿಸಿದವನು ನಾನು. ಮದ್ಯದ ಹನಿಯನ್ನೂ ನಾಲಗೆಗೆ ಸೋಂಕಿಸಿದವನಲ್ಲ. ಆದರೂ ಇಂದು ಬೆಂಗಳೂರಿನ ಒಂದು ಬಾರಿನ ಪರವಾಗಿ ವಾದಿಸಲು ಕುಳಿತಿದ್ದೇನೆ.

ಮೊನ್ನೆ ನಮ್ಮೂರ ಅಗಸಿಕಟ್ಟೆಯ ಮೇಲೆ ಮಿತ್ರರೊಬ್ಬರು, "ಗಂಡಸರು ಗಂಡಸರನ್ನೇ ಪ್ರೀತಿಸೋರು ಕೂಡೋ ಬಾರು ಬೆಂಗಳೂರಾಗ ಅದಾವಂತ. ನಮ್ಮ ಹುಡುಗರು ಕೆಡೂದು ಅಲ್ಲೇ. ಮೊದಲು ಅವನ್ನ ಮುಚ್ಚಿಸಬೇಕು" ಎಂದರು. ಕಟ್ಟೆಯೆಲ್ಲ ತಲೆದೂಗಿತು. ನಾನು ಸುಮ್ಮನಿದ್ದೆ. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇನೆ.

ಅಂಥದೊಂದು ಬಾರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಊಟಕ್ಕೆಂದು ಕರೆದೊಯ್ದ. ಮಂದ ಬೆಳಕು, ಮೆಲುದನಿಯ ಹಾಡು. ಪಕ್ಕದ ಮೇಜಿನಲ್ಲಿ ಇಬ್ಬರು ಯುವಕರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಅದರಾಚೆ ಗೆಳತಿಯ ಹೆಗಲಿಗೆ ತಲೆಯಿಟ್ಟು ಕುಳಿತ ಒಬ್ಬ ಹುಡುಗಿ. ನಾನು ನಿರೀಕ್ಷಿಸಿದ್ದ ಅನಾಚಾರ ಬಂದೀತೆಂದು ಒಂದು ತಾಸು ಕಾದೆ, ಬರಲಿಲ್ಲ. ಬಂದದ್ದು ನನಗೊಂದು ಲಿಂಬೆ ಸೋಡಾ, ಅವನಿಗೊಂದು ಬಣ್ಣದ ಪೇಯ. ಅದರ ಲೋಟದಂಚಿಗೆ ಸಿಕ್ಕಿಸಿದ್ದ ಲಿಂಬೆಯ ಬಿಲ್ಲೆ ನಮ್ಮ ಇಂಡಿಯ ಕಡೆಯದೇ ಇರಬಹುದೆಂದು ಇಬ್ಬರೂ ನಕ್ಕೆವು. ಕರಿದ ಅಣಬೆ ಬಲು ರುಚಿಯಾಗಿತ್ತು. ಸುಳ್ಳೇಕೆ ಹೇಳಲಿ, ಎರಡನೆಯ ತಟ್ಟೆ ತರಿಸಿದವನು ನಾನೇ.

"ಇಷ್ಟು ರೊಕ್ಕ ಕೊಟ್ಟು ಇಲ್ಲಿಗೇ ಯಾಕ ಬರ್ತಿ?" ಎಂದು ಕೇಳಿದೆ. ಅವನು ಲೋಟ ತಿರುಗಿಸುತ್ತ, "ಇಲ್ಲಿ ನನ್ನ ಯಾರೂ ತಿರುಗಿ ನೋಡೂದಿಲ್ರಿ ಸರ್. ಅಷ್ಟಕ್ಕ ಬರ್ತೀನ್ರಿ" ಎಂದ.

ಶಾಲೆಯ ಸ್ನೇಹಸಮ್ಮೇಳನದಲ್ಲಿ ಅವನು ಹೆಣ್ಣಿನ ಪಾತ್ರ ಮಾಡಿದಾಗ ಊರೇ ಚಪ್ಪಾಳೆ ತಟ್ಟಿತ್ತು. ಮರುದಿನ ವರ್ಗದಲ್ಲಿ ಹುಡುಗರು ಅವನನ್ನು 'ಹೆಣ್ಣಿಗ' ಎಂದು ಕೂಗಿದರು. ಗುರುವಾದ ನಾನು ಗದರಿಸಬೇಕಿತ್ತು. ಗದರಿಸಲಿಲ್ಲ, ಅವರೊಡನೆ ನಕ್ಕೆ. ಅವನು ಅದನ್ನು ನೆನಪಿಸಲಿಲ್ಲ, ನನಗೆ ನೆನಪಾಯಿತು.

ಈಗ ಕಟ್ಟೆಯ ಮಿತ್ರರಿಗೆ ಕೇಳುತ್ತೇನೆ: ನಮ್ಮ ನಾಲ್ಕು ತಾಲೂಕುಗಳಲ್ಲಿ ಬಾರುಗಳಿಗೇನು ಬರವೇ? ಕೂಲಿಯ ಹಣವನ್ನೆಲ್ಲ ಅಲ್ಲಿ ಸುರಿದು, ಮನೆಗೆ ಹೋಗಿ ಹೆಂಡತಿಯನ್ನು ಬಡಿಯುವವನನ್ನು ಕಂಡು ಸಂಸ್ಕೃತಿ ನಾಶವಾಯಿತೆಂದು ನಾವು ಎಂದಾದರೂ ಎದ್ದು ನಿಂತದ್ದುಂಟೇ? ಇಬ್ಬರು ಒಂದು ತಟ್ಟೆಯಲ್ಲಿ ಉಂಡರೆ ಮಾತ್ರ ನಾಶವೇ?

ಇದು ಪಶ್ಚಿಮದ ರೋಗವೆನ್ನುವವರೂ ಇದ್ದಾರೆ. ಪಶ್ಚಿಮದಿಂದ ಬಂದದ್ದು 377ನೆಯ ಕಲಮು. 1860ರಲ್ಲಿ ಆಂಗ್ಲರು ಬರೆದದ್ದು. 2009ರಲ್ಲಿ ದಿಲ್ಲಿ ಹೈಕೋರ್ಟು ಅದರ ಹಲ್ಲು ಕಿತ್ತಿತು, 2013ರಲ್ಲಿ ಸುಪ್ರೀಂ ಕೋರ್ಟು ಮರಳಿ ಕಟ್ಟಿಸಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು, ಒಪ್ಪಿ ಕೂಡುವ ವಯಸ್ಕರು ಅಪರಾಧಿಗಳಲ್ಲವೆಂದು ಸಾರಿದರು. ಆ ವರ್ಷ ಮೊರೆಹೋದವರಲ್ಲಿ ಲಲಿತ್ ಹೋಟೆಲುಗಳ ಕೇಶವ ಸೂರಿಯೂ ಒಬ್ಬರು. ದಿಲ್ಲಿಯ ಅವರ 'ಕಿಟ್ಟಿ ಸೂ' ಕ್ಲಬ್ಬು ಇಂಥವರಿಗೆ ಬಾಗಿಲು ತೆರೆದು ಹೆಸರಾದದ್ದು.

ನಮ್ಮದೇ ನೆಲದ ಮಾತೂ ಇದೆ. ಪಾರಿಜಾತದಾಟದಲ್ಲಿ ಸೀರೆಯುಟ್ಟ ಗಂಡಿಗೆ ಬೆಳತನಕ ಮಾರುಹೋದವರು ನಾವು. ಎಲ್ಲಮ್ಮನ ಜೋಗತಿಗೆ ಕೈಮುಗಿದು, ಮಡಿಲಿಗೆ ಜೋಳ ಹಾಕಿ, ಹೊಸ್ತಿಲೊಳಗೆ ಮಾತ್ರ ಕರೆಯದವರೂ ನಾವೇ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಹೆಮ್ಮೆಪಟ್ಟವರು ಇದೇ ಮಿತ್ರರು. ಜೋಗತಿಯರ ಬಾಳು ಬೇರೆ, ನನ್ನ ಶಿಷ್ಯನ ಬಾಳು ಬೇರೆ, ನಿಜ. ಆದರೆ ಇಬ್ಬರಿಗೂ ನಮ್ಮ ಹೊಸ್ತಿಲು ಒಂದೇ. ಮಹಾಮನೆಯ ಪಂಕ್ತಿಯಲ್ಲಿ ಸಕಲರನ್ನೂ ಕೂಡಿಸಿದ ಬಸವಣ್ಣನ ಹುಟ್ಟೂರಿನ ಸೀಮೆಯಲ್ಲಿ ಹೀಗೆ.

ಆ ಬಾರನ್ನೂ ನಾನು ಪೂರ್ತಿ ಹೊಗಳಲಾರೆ. ಅಲ್ಲಿನ ಒಂದು ಲೋಟದ ಬೆಲೆಗೆ ನಮ್ಮ ಖಾನಾವಳಿಯಲ್ಲಿ ಐದಾರು ಜನ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಣ್ಣಬಹುದು. ಯಾರೂ ತಿರುಗಿ ನೋಡದ ಒಂದು ಕುರ್ಚಿಗೆ ಅಷ್ಟು ಬಾಡಿಗೆ! ಸಂಬಳವಿರುವ ನನ್ನ ಶಿಷ್ಯ ತೆತ್ತಾನು. ಸಿಂದಗಿಯ ಹತ್ತಿ ಹೊಲದಲ್ಲಿ ದುಡಿಯುವ ಅಂಥವನೇ ಇನ್ನೊಬ್ಬ ಹುಡುಗ ಎಲ್ಲಿಂದ ತಂದಾನು? ಬಾರು ಮುಚ್ಚಿಸುವ ಮಾತಾಡುವವರು ಮೊದಲು ಆ ಹುಡುಗನಿಗೆ ಊರಲ್ಲೊಂದು ಬೆಂಚು ತೋರಿಸಲಿ.

ಹೊರಡುವಾಗ ಶಿಷ್ಯನಿಗೆ, "ಶ್ರಾವಣದಾಗ ಬಾಗೇವಾಡಿ ಜಾತ್ರಿಗೆ ಬಾ, ನಿನ್ನ ಗೆಳೆಯನ್ನೂ ಕರಕೊಂಡು ಬಾ. ನಮ್ಮ ಮನ್ಯಾಗ ಉಣ್ಣೀರಂತ" ಎಂದೆ.

"ಮನ್ಯಾಗ ಬ್ಯಾಡ್ರಿ ಸರ್," ಎಂದ. "ಬಸ್‌ಸ್ಟ್ಯಾಂಡ್ ಮುಂದಿನ ಖಾನಾವಳ್ಯಾಗ ನಮ್ಮಿಬ್ಬರ ಜೋಡಿ ಕುಂತು ಉಣ್ತೀರೇನ್ರಿ?"

ಹೂಂ ಎನ್ನಲು ನನಗೆ ತುಸು ಹೊತ್ತು ಹಿಡಿಯಿತು. ಆ ಹೊತ್ತನ್ನು ಅವನು ಗಮನಿಸಿದ.